ಸ್ವಾದ ಬೆರೆಸಿದ ಪೋರ್ಟರ್ ಬಿಯರ್‌ನ ಗುಣಪರೀಕ್ಷೆ: ಬಳ್ಳಾರಿ ಸೀಮೆಯ ವರ್ತಕರಿಗೊಂದು ಪಾಠ

ಬಳ್ಳಾರಿಯ ಮಾರುಕಟ್ಟೆಗಳಲ್ಲಿ ಸರಕಿನ ಗುಣ ನಿರ್ಧಾರವು ಬಹುಮಟ್ಟಿಗೆ ಕಣ್ಣು, ಕೈ ಮತ್ತು ಮೂಗನ್ನು ಅವಲಂಬಿಸಿದೆ. ಖರೀದಿದಾರನು ಚೀಲದಿಂದ ಹಿಡಿ ಮೆಣಸಿನಕಾಯಿ ತೆಗೆದು, ಮುರಿದು, ಮೂಸಿ ದರ ಹೇಳುತ್ತಾನೆ. ಸಿರುಗುಪ್ಪದ ಗಿರಣಿಯಲ್ಲಿ ಅಕ್ಕಿಯ ಕಾಳನ್ನು ಹಲ್ಲಿನಿಂದ ಕಚ್ಚಿ ತೇವಾಂಶವನ್ನು ಅಂದಾಜಿಸುವವರು ಇಂದಿಗೂ ಇದ್ದಾರೆ. ಅನುಭವದಿಂದ ಬಂದ ಈ ವಿದ್ಯೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಕಾಗದದ ಮೇಲೆ ದಾಖಲಾಗುವುದಿಲ್ಲ. ದರದ ಬಗ್ಗೆ ವಿವಾದ ಎದ್ದಾಗ ಮಾರುವವನ ಕೈಯಲ್ಲಿ ಯಾವ ಪುರಾವೆಯೂ ಉಳಿಯುವುದಿಲ್ಲ.

ಆಹಾರ ಮತ್ತು ಪಾನೀಯ ಉದ್ಯಮಗಳು ರುಚಿಯನ್ನೂ ಅಂಕಗಳಲ್ಲಿ ಅಳೆಯುವ ಕ್ರಮವನ್ನು ರೂಢಿಸಿಕೊಂಡಿವೆ. ಇದಕ್ಕೆ ಉತ್ತಮ ನಿದರ್ಶನವೆಂದರೆ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಕ್ರಾಫ್ಟ್ ಬಿಯರ್, ಅದರಲ್ಲಿಯೂ ಮೆಣಸಿನಕಾಯಿ, ಕಾಫಿ, ಕೋಕೋ ಮುಂತಾದವುಗಳ ಸ್ವಾದ ಬೆರೆಸಿದ ಪೋರ್ಟರ್. ಬೆಂಗಳೂರಿನಲ್ಲಿ 2010ರ ನಂತರ ಮೈಕ್ರೋಬ್ರೂವರಿಗಳು ಗಣನೀಯವಾಗಿ ಬೆಳೆದಿದ್ದು, ಈ ಬಗೆಯ ಪಾನೀಯಗಳು ರಾಜ್ಯಕ್ಕೆ ಅಪರಿಚಿತವಾಗಿ ಉಳಿದಿಲ್ಲ. ಅದರ ಪರೀಕ್ಷಾಕ್ರಮವನ್ನೂ, ಆ ಕ್ರಮದಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ವರ್ತಕರು ಪಡೆಯಬಹುದಾದ ಪ್ರಯೋಜನವನ್ನೂ ಇಲ್ಲಿ ವಿವರಿಸಲಾಗಿದೆ.

ಪೋರ್ಟರ್‌ನ ಹಿನ್ನೆಲೆ

ಪೋರ್ಟರ್ ಎಂಬುದು ಹದಿನೆಂಟನೆಯ ಶತಮಾನದ ಲಂಡನ್‌ನಲ್ಲಿ ರೂಪುಗೊಂಡ ಕಂದುಗಪ್ಪು ಬಣ್ಣದ ಬಿಯರ್. ಸರಕು ಹೊರುವ ಹಮಾಲರು ಇದನ್ನು ಹೆಚ್ಚಾಗಿ ಕುಡಿಯುತ್ತಿದ್ದುದರಿಂದ ಅವರ ಹೆಸರೇ ಪಾನೀಯಕ್ಕೂ ಬಂದಿತು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ ಮಾಲ್ಟ್, ಕಹಿಗಾಗಿ ಹಾಪ್ಸ್ ಹೂ, ನೀರು ಮತ್ತು ಯೀಸ್ಟ್ ಇವೇ ಅದರ ಮೂಲದ್ರವ್ಯಗಳು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ಕಾಫಿ ಬೀಜದಂತೆ ಪೀಪಾಯಿಯಲ್ಲಿ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅಲ್ಪ ಪ್ರಮಾಣದ ಕಪ್ಪು ಮಾಲ್ಟ್‌ನಿಂದಲೇ ಬೇಕಾದ ಬಣ್ಣವನ್ನೂ ಹುರಿದ ರುಚಿಯನ್ನೂ ಪಡೆಯುವುದು ಅಂದಿನಿಂದ ಸಾಧ್ಯವಾಯಿತು.

ಈ ಪಾನೀಯಕ್ಕೆ ಭಾರತದ ನಂಟೂ ಹಳೆಯದು. ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನಿಂದ ಹಡಗುಗಳಲ್ಲಿ ಬಂದ ಬಿಯರ್‌ನ ದೊಡ್ಡ ಪಾಲು ಐರೋಪ್ಯ ಸಿಪಾಯಿಗಳಿಗಾಗಿ ತರಿಸಿದ ಪೋರ್ಟರ್ ಆಗಿತ್ತು. ಅಧಿಕಾರಿಗಳು ತಿಳಿಬಣ್ಣದ ಪೇಲ್ ಏಲ್ ಅನ್ನು ಇಷ್ಟಪಡುತ್ತಿದ್ದರು. 1800ರಲ್ಲಿ ಕಂಪನಿಯ ವಶಕ್ಕೆ ಬಂದ ಬಳ್ಳಾರಿಯು ಮದ್ರಾಸ್ ಪ್ರಾಂತದ ಪ್ರಮುಖ ದಂಡು ಪ್ರದೇಶಗಳಲ್ಲೊಂದಾಗಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಸ್ವಾದ ಬೆರೆಸುವ ನಿಯಮ

ಪೋರ್ಟರ್‌ಗೆ ಸಹಜವಾಗಿಯೇ ಚಾಕೊಲೇಟ್, ಸುಟ್ಟ ಬೆಲ್ಲ, ಹುರಿದ ಕಾಫಿಯನ್ನು ನೆನಪಿಸುವ ಸ್ವಾದವಿರುತ್ತದೆ. ಹೊರಗಿನಿಂದ ಬೆರೆಸಿದ ಪದಾರ್ಥವು ಈ ಮೂಲ ಸ್ವಾದವನ್ನು ಮುಚ್ಚಿಹಾಕದೆ ಅದರೊಂದಿಗೆ ಹೊಂದಿಕೊಳ್ಳಬೇಕು. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ಪ್ರಮಾಣೀಕರಣ ಸಂಸ್ಥೆ, ಅಂದರೆ ಬಿಜೆಸಿಪಿ, ಇದಕ್ಕಾಗಿ ಮಾರ್ಗಸೂಚಿ ರೂಪಿಸಿದೆ. ಅದರ ಪ್ರಕಾರ ಇಂಗ್ಲಿಷ್ ಪೋರ್ಟರ್‌ನಲ್ಲಿ ಮದ್ಯಸಾರವು ಶೇ. 4.0ರಿಂದ 5.4ರಷ್ಟು, ಅಮೆರಿಕನ್ ಪೋರ್ಟರ್‌ನಲ್ಲಿ ಶೇ. 4.8ರಿಂದ 6.5ರಷ್ಟು ಇರುತ್ತದೆ. ಮಸಾಲೆ ಬೆರೆಸಿದ ಬಿಯರ್‌ಗೆ ಪ್ರತ್ಯೇಕ ವರ್ಗವಿದ್ದು, ಬಳಸಿದ ಮಸಾಲೆ ಯಾವುದೆಂದು ತಯಾರಕರು ಮೊದಲೇ ಘೋಷಿಸಬೇಕು. ಘೋಷಿಸಿದ್ದು ಬಾಯಿಗೆ ಸಿಗಬೇಕು; ಆದರೆ ಅದೊಂದೇ ಸಿಗಬಾರದು.

ಪರೀಕ್ಷೆಯ ಸಿದ್ಧತೆ

ಪರೀಕ್ಷಾ ಕೊಠಡಿಯಲ್ಲಿ ಅಡುಗೆಯ ವಾಸನೆ, ಅಗರಬತ್ತಿ, ಅತ್ತರು ಇರಬಾರದು. ಗಾಜಿನ ಲೋಟದಲ್ಲಿ ಸಾಬೂನಿನ ಅಂಶವಾಗಲಿ ಜಿಡ್ಡಾಗಲಿ ಉಳಿದಿದ್ದರೆ ನೊರೆ ನಿಲ್ಲದು. ಪೋರ್ಟರನ್ನು 10ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೊಡುವುದು ವಾಡಿಕೆ. ಅತಿಯಾಗಿ ತಂಪಾದರೆ ಸುವಾಸನೆ ಅಡಗುತ್ತದೆ, ದೋಷವೂ ಅಡಗುತ್ತದೆ. ಮಾದರಿಗಳಿಗೆ ಹೆಸರಿನ ಬದಲು ಅಂಕಿಗಳ ಗುರುತು ಹಾಕಬೇಕು. ಪ್ರತಿಯೊಬ್ಬರಿಗೂ ಕೆಲವೇ ಗುಟುಕಿನಷ್ಟು ಮಾದರಿ ಸಾಕು. ಕಡಿಮೆ ಖಾರದ್ದು ಮೊದಲು, ಹೆಚ್ಚು ಖಾರದ್ದು ಕೊನೆಗೆ ಬರಬೇಕು. ಏಕೆಂದರೆ ಖಾರವು ನಾಲಿಗೆಯ ಮೇಲೆ ಉಳಿದು ಮುಂದಿನ ಮಾದರಿಯ ತೀರ್ಪನ್ನು ಕೆಡಿಸುತ್ತದೆ. ನಡುವೆ ನೀರು ಮತ್ತು ಉಪ್ಪಿಲ್ಲದ ಬ್ರೆಡ್ ಕೊಡುವುದು ರೂಢಿ. ಅಂಕ ಬರೆದು ಮುಗಿಸುವವರೆಗೆ ಯಾರೂ ಅಭಿಪ್ರಾಯ ಹೇಳಬಾರದು. ಹಿರಿಯರೊಬ್ಬರು ಚೆನ್ನಾಗಿದೆ ಎಂದರೆ ಉಳಿದವರ ನಾಲಿಗೆಯೂ ಅದನ್ನೇ ಹೇಳತೊಡಗುತ್ತದೆ.

ಐವತ್ತು ಅಂಕಗಳ ಲೆಕ್ಕ

ಬಿಜೆಸಿಪಿ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕಗಳಿದ್ದು, ಅವು ಹೀಗೆ ಹಂಚಿಕೆಯಾಗಿವೆ: ಸುವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಕೇವಲ 3 ಅಂಕವಿರುವುದು ಗಮನಾರ್ಹ. ಕಣ್ಣಿನ ತೀರ್ಪಿಗೆ ಹೆಚ್ಚು ಬೆಲೆ ಕೊಡುವ ಮಾರುಕಟ್ಟೆಗಳಿಗೆ ಇದು ತೀರ ಭಿನ್ನವಾದ ಕ್ರಮ.

ಮೊದಲು ಮೂಸಲಾಗುತ್ತದೆ, ಏಕೆಂದರೆ ಸುವಾಸನೆ ಬೇಗ ಆರಿಹೋಗುತ್ತದೆ. ನಂತರ ಬಣ್ಣ, ತಿಳಿತನ, ನೊರೆಯ ಬಾಳಿಕೆಯನ್ನು ನೋಡಲಾಗುತ್ತದೆ. ಒಂದು ಗುಟುಕನ್ನು ಬಾಯಿತುಂಬ ಆಡಿಸಿ ಸಿಹಿ, ಕಹಿ, ಹುರಿದ ಸ್ವಾದ ಮತ್ತು ಬೆರೆಸಿದ ಸ್ವಾದಗಳು ಯಾವ ಕ್ರಮದಲ್ಲಿ ಬರುತ್ತವೆ, ನುಂಗಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಬರೆಯಲಾಗುತ್ತದೆ. ಮೆಣಸಿನಕಾಯಿಯ ಖಾರವು ವಾಸ್ತವವಾಗಿ ರುಚಿಯಲ್ಲ, ಉರಿಯ ಅನುಭವ. ಆದಕಾರಣ ಅದನ್ನು ಬಾಯಿಯ ಅನುಭವದ ಅಡಿಯಲ್ಲಿ ಗಣಿಸಬೇಕು. ಮೆಣಸಿನಕಾಯಿಯ ಹಣ್ಣಿನಂಥ ಪರಿಮಳಕ್ಕೆ ಮಾತ್ರ ಸುವಾಸನೆ ಮತ್ತು ರುಚಿಯ ಅಂಕಗಳು ಸಲ್ಲುತ್ತವೆ. 45ಕ್ಕಿಂತ ಕಡಿಮೆಯಿಲ್ಲದ ಅಂಕ ಪಡೆದದ್ದು ಅತ್ಯುತ್ಕೃಷ್ಟ, 38ರಿಂದ 44 ಉತ್ಕೃಷ್ಟ, 30ರಿಂದ 37 ಬಹಳ ಉತ್ತಮ, 21ರಿಂದ 29 ಉತ್ತಮ ಎಂಬ ಶ್ರೇಣಿಗಳಿವೆ. 13 ಮತ್ತು ಅದಕ್ಕಿಂತ ಕಡಿಮೆ ಪಡೆದದ್ದು ದೋಷಪೂರಿತ.

ದೋಷಗಳ ಗುರುತು

ಅಂಕ ಕಡಿಮೆ ಕೊಟ್ಟರೆ ಸಾಲದು, ಕಾರಣವನ್ನೂ ಬರೆಯಬೇಕು. ಬೆಣ್ಣೆಯ ವಾಸನೆಯಿದ್ದರೆ ಡೈಅಸಿಟೈಲ್ ಉಳಿದಿದೆ. ಹಸಿ ಸೇಬಿನ ವಾಸನೆಯಿದ್ದರೆ ಅಸಿಟಾಲ್ಡಿಹೈಡ್ ಇದ್ದು, ಹುದುಗುವಿಕೆ ಪೂರ್ಣವಾಗಿಲ್ಲದಿರಬಹುದು. ಬೇಯಿಸಿದ ಮೆಕ್ಕೆಜೋಳದ ವಾಸನೆಗೆ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ ಕಾರಣ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಗುಲಿ ಹಳಸಿದೆ ಎಂದರ್ಥ. ಸ್ವಾದ ಬೆರೆಸಿದ ಬಿಯರ್‌ನಲ್ಲಿ ಇನ್ನೊಂದು ಎಚ್ಚರ ಅಗತ್ಯ: ಕಾಫಿ ಬೆರೆಸಿದ ಪೋರ್ಟರ್ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಕೊಡುವುದುಂಟು. ಮೆಣಸಿನಕಾಯಿಯನ್ನು ಹಾಕದೆಯೂ ಅದರ ವಾಸನೆ ಬಂದರೆ ಅದು ಸ್ವಾದವಲ್ಲ, ದೋಷ.

ಪ್ರಮಾಣ ನಿರ್ಣಯ ಹಾಗೂ ತ್ರಿಕೋನ ಪರೀಕ್ಷೆ

ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕಷ್ಟದಿಂದ, ಮದ್ಯಸಾರ ಮತ್ತು ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಹೀಗಾಗಿ ಮೆಣಸಿನಕಾಯಿಯನ್ನು ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರವನ್ನು ಹನಿಹನಿಯಾಗಿ ಬೆರೆಸಿ ನೋಡುವುದು ಸುರಕ್ಷಿತ ವಿಧಾನ. ತಲಾ 100 ಮಿಲಿಲೀಟರ್‌ನ ನಾಲ್ಕು ಲೋಟಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ, 0.2 ಮಿಲಿಲೀಟರ್ ಹದವೆಂದು ಕಂಡರೆ 1000 ಲೀಟರ್‌ಗೆ 2 ಲೀಟರ್ ಸಾರ ಬೇಕೆಂದು ಲೆಕ್ಕ ಹಾಕಬಹುದು. ಒಮ್ಮೆ ಹಾಕಿದ ಖಾರವನ್ನು ಹಿಂದೆ ತೆಗೆಯಲಾಗದು.

ಎರಡನೆಯ ಬಾರಿ ತಯಾರಿಸಿದ್ದು ಮೊದಲಿನಂತೆಯೇ ಇದೆಯೇ ಎಂಬುದನ್ನು ತಿಳಿಯಲು ತ್ರಿಕೋನ ಪರೀಕ್ಷೆ ಇದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 4120 ಇದನ್ನು ವಿವರಿಸುತ್ತದೆ. ಮೂರು ಲೋಟಗಳಲ್ಲಿ ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಗುರುತಿಸಬೇಕು. ಕೇವಲ ಊಹೆಯಿಂದಲೇ ಮೂವರಲ್ಲಿ ಒಬ್ಬರು ಸರಿ ಹೇಳಬಲ್ಲರು. ಆದ್ದರಿಂದ 12 ಜನರಲ್ಲಿ ಕನಿಷ್ಠ 8 ಜನ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸವು ನಿಜವೆಂದು ಶೇ. 5ರ ಮಟ್ಟದಲ್ಲಿ ಒಪ್ಪಲಾಗುತ್ತದೆ. ಇದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಅಕ್ಕಿ, ಮೆಣಸಿನಪುಡಿ, ಎಣ್ಣೆ ಯಾವುದಕ್ಕಾದರೂ ಇದನ್ನು ಅನ್ವಯಿಸಬಹುದು.

ಮೆಣಸಿನಕಾಯಿ ಮತ್ತು ನುಚ್ಚಿನ ವಿಚಾರ

ಇದೇ ಅಂಕಪಟ್ಟಿಯನ್ನು ಸ್ಥಳೀಯ ಸರಕಿನತ್ತ ತಿರುಗಿಸಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದು ಮುಖ್ಯವಾಗಿ ಅದರ ಕೆಂಪು ಬಣ್ಣದ ಮೇಲೆ. ಆದರೆ ಕಪ್ಪು ಪೋರ್ಟರ್‌ಗೆ ಆ ಬಣ್ಣದಿಂದ ಪ್ರಯೋಜನವಿಲ್ಲ. ಬಣ್ಣದ ಅಂಶವು ಎಣ್ಣೆಯಲ್ಲಿ ಕರಗುವುದೇ ಹೊರತು ಬಿಯರ್‌ನಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಅಲ್ಲಿ ಬೇಕಾದುದು ಪರಿಮಳ ಮತ್ತು ಸೌಮ್ಯ ಖಾರ. ಇದಕ್ಕೆ ವಿರುದ್ಧವಾಗಿ, ಬಣ್ಣದ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗೆ ಬಣ್ಣದ ಮಾಪನವೇ ಮುಖ್ಯ. ಹೀಗೆ ಒಂದೇ ರಾಶಿಯು ಒಬ್ಬ ಖರೀದಿದಾರನಿಗೆ ಮೊದಲ ದರ್ಜೆಯದಾಗಿ, ಇನ್ನೊಬ್ಬನಿಗೆ ಎರಡನೆಯ ದರ್ಜೆಯದಾಗಿ ಕಾಣಬಹುದು.

ಸಿರುಗುಪ್ಪದ ಗಿರಣಿಗಳ ನುಚ್ಚಿನ ವಿಷಯವೂ ಇಂಥದೇ. ಅಕ್ಕಿಯ ನುಚ್ಚು ತಿಳಿಬಣ್ಣದ ಲಾಗರ್ ಬಿಯರ್‌ಗೆ ಮಾಲ್ಟ್‌ನೊಡನೆ ಬಳಕೆಯಾಗುವ ಧಾನ್ಯ. ಅದು ಪಾನೀಯವನ್ನು ಹಗುರಗೊಳಿಸುತ್ತದೆ. ಬಾಯಿ ತುಂಬುವ ಗಾತ್ರ ಬೇಕಾದ ಪೋರ್ಟರ್‌ಗೆ ಅದೇ ಗುಣ ಕೊರತೆಯಾಗುತ್ತದೆ. ತೌಡು ಉಳಿದ ನುಚ್ಚಿನಲ್ಲಿ ಎಣ್ಣೆಯ ಅಂಶವಿದ್ದು ಬೇಗ ಕಮಟು ವಾಸನೆ ಬರುತ್ತದೆ ಎಂಬುದನ್ನೂ ಮಾರುವವರು ತಿಳಿದಿರಬೇಕು.

ಕ್ರಾಫ್ಟ್ ಬಿಯರ್ ಉದ್ಯಮವೇ ಈ ಭಾಗದ ಮೆಣಸಿನಕಾಯಿಗೆ ದೊಡ್ಡ ಮಾರುಕಟ್ಟೆಯಾದೀತೆಂದು ನಂಬುವುದು ಸರಿಯಲ್ಲ. 1000 ಲೀಟರ್‌ನ ಒಂದು ತಯಾರಿಕೆಗೆ ಬೇಕಾಗುವ ಮೆಣಸಿನಕಾಯಿ ಒಂದು ಚೀಲವೂ ಆಗದು. ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. 2019ರ ಏಪ್ರಿಲ್ 1ರಿಂದ ಮದ್ಯಪಾನೀಯಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನಕಗಳೂ ಅನ್ವಯಿಸುತ್ತಿವೆ. ಇಲ್ಲಿ ಅನುಕರಣೀಯವಾದುದು ಅಳತೆಯ ಕ್ರಮವೇ ಹೊರತು ಪಾನೀಯವಲ್ಲ.

ಅಳತೆಯಿಲ್ಲದ ವ್ಯಾಪಾರದ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ಎಲ್ಲರಿಗೂ ತಿಳಿದಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಬೆಳೆಗಾರರು ಹಾವೇರಿ ಜಿಲ್ಲೆಯ ಬ್ಯಾಡಗಿಯವರೆಗೆ ಲಾರಿ ಬಾಡಿಗೆ ತೆತ್ತು ಸರಕು ಸಾಗಿಸುತ್ತಾರೆ. ಅಲ್ಲಿ ದರ ಒಪ್ಪಿಗೆಯಾಗದಿದ್ದರೆ ಮರಳಿ ತರುವ ಶಕ್ತಿ ಸಣ್ಣ ರೈತನಿಗಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಕುಸಿದು ರೈತರ ಆಕ್ರೋಶ ಭುಗಿಲೆದ್ದು ವಾಹನಗಳಿಗೆ ಬೆಂಕಿ ಬಿದ್ದ ಘಟನೆಯನ್ನು ಯಾರೂ ಮರೆತಿಲ್ಲ. ಅಂಕಪಟ್ಟಿಯೊಂದು ದರ ಕುಸಿತವನ್ನು ತಡೆಯಲಾರದು. ಆದರೆ ಸರಕು ಊರು ಬಿಡುವ ಮುನ್ನವೇ ಅದರ ತೇವಾಂಶ, ಬಣ್ಣ, ಖಾರ ಮತ್ತು ಪರಿಮಳ ಇಷ್ಟಿಷ್ಟು ಎಂದು ಬರೆದಿಟ್ಟಿದ್ದರೆ, ಕಳಪೆ ಎಂಬ ಒಂದೇ ಮಾತಿನಿಂದ ದರ ಇಳಿಸುವುದು ಕಷ್ಟವಾಗುತ್ತದೆ.

ವರ್ತಕರು ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಪ್ರತಿ ಲಾಟಿನ ಮಾದರಿಯನ್ನು ತೇವ ತಗುಲದಂತೆ ಮುಚ್ಚಿ, ದಿನಾಂಕ ಮತ್ತು ಗುರುತು ಹಾಕಿ ಮಾರಾಟ ಮುಗಿಯುವವರೆಗೆ ಕಾಯ್ದಿರಿಸಬೇಕು. ಎರಡನೆಯದಾಗಿ, ಖರೀದಿದಾರನಿಗೆ ಬಣ್ಣ ಬೇಕೋ ಖಾರ ಬೇಕೋ ಪರಿಮಳ ಬೇಕೋ ಎಂಬುದನ್ನು ದರ ಮಾತನಾಡುವ ಮುನ್ನವೇ ಕೇಳಿ ತಿಳಿಯಬೇಕು. ಮೂರನೆಯದಾಗಿ, ಅಂಗಡಿಯ ಅನುಭವಿಗಳನ್ನೇ ಕೂಡಿಸಿ ತ್ರಿಕೋನ ಪರೀಕ್ಷೆಯ ಅಭ್ಯಾಸ ಮಾಡಿಸಬೇಕು. ನಾಲ್ಕನೆಯದಾಗಿ, ನಾಲಿಗೆಯ ತೀರ್ಪಿನೊಂದಿಗೆ ಪ್ರಯೋಗಾಲಯದ ವರದಿಯನ್ನೂ ಹೊಂದಿಸಿ ನೋಡಬೇಕು. 1912ರಲ್ಲಿ ವಿಲ್ಬರ್ ಸ್ಕೊವಿಲ್ ಎಂಬ ಔಷಧಶಾಸ್ತ್ರಜ್ಞನು ಖಾರವನ್ನು ಅಳೆದದ್ದು ರುಚಿ ನೋಡುವವರ ನಾಲಿಗೆಯಿಂದಲೇ. ಇಂದು ಅದನ್ನು ಯಂತ್ರ ಅಳೆಯುತ್ತದೆ, ಆದರೆ ಮಾಪಕಕ್ಕೆ ಅವನ ಹೆಸರೇ ಉಳಿದಿದೆ.

ಈ ಸೀಮೆಯ ವರ್ತಕರ ಮೂಗು ಮತ್ತು ನಾಲಿಗೆಗೆ ತಲೆಮಾರುಗಳ ಪಳಗಿಕೆಯಿದೆ. ಅದು ಹೇಳಿದ್ದನ್ನು ಒಂದು ಕಾಗದದ ಮೇಲೆ, ಎರಡೂ ಕಡೆಯವರು ಒಪ್ಪುವ ಅಂಕಗಳಲ್ಲಿ ಬರೆದಿಡುವ ಕೆಲಸ ಮಾತ್ರ ಬಾಕಿ ಇದೆ. ಹಾಗೆ ಬರೆದಿಟ್ಟ ಲಾಟು ಬ್ಯಾಡಗಿಗೆ ಹೋದರೂ ಬೆಂಗಳೂರಿಗೆ ಹೋದರೂ ತನ್ನ ಗುಣಕ್ಕೆ ತಾನೇ ಸಾಕ್ಷಿ ಹೇಳುತ್ತದೆ.