ಉದ್ಯೋಗದ ಅರ್ಜಿ: ಪದಗಳ ಅರ್ಥ ತಿಳಿದು ಸಹಿ ಹಾಕಿ

ಮುಂಬಯಿ: ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕಲಿತು ಬ್ಯಾಂಕು, ಕಚೇರಿಗಳನ್ನು ಸೇರಿದ ಹಿರಿಯರಿಗೆ ಊರಿನ ಪರಿಚಯಸ್ಥರ ಒಂದು ಮಾತೇ ಎಷ್ಟೋ ಬಾರಿ ಶಿಫಾರಸು ಪತ್ರವಾಗಿತ್ತು. ಅವರ ಮಕ್ಕಳು, ಮೊಮ್ಮಕ್ಕಳ ಅರ್ಜಿಯನ್ನು ಇಂದು ಅನೇಕ ದೊಡ್ಡ ಕಂಪೆನಿಗಳಲ್ಲಿ ಮೊದಲು ಓದುವುದು ಕಂಪ್ಯೂಟರ್. ಅಲ್ಲಿ ಬಳಕೆಯಾಗುವ ಪದಗಳನ್ನು ತಪ್ಪಾಗಿ ತಿಳಿದರೆ ಅರ್ಹತೆಯಿದ್ದೂ ಅವಕಾಶ ಕೈತಪ್ಪಬಹುದು. ಕೆಲಸ ಸಿಕ್ಕರೂ ಮೊದಲ ಸಂಬಳದ ದಿನವೇ ನಿರಾಸೆಯಾಗಬಹುದು.

ಎಟಿಎಸ್: ಅರ್ಜಿಗಳನ್ನು ಸಂಗ್ರಹಿಸಿ ವಿಂಗಡಿಸುವ ತಂತ್ರಾಂಶ. ಜಾಹೀರಾತಿನಲ್ಲಿ ಕೇಳಿದ ವಿದ್ಯಾರ್ಹತೆ, ಕೌಶಲಗಳನ್ನು ರೆಸ್ಯೂಮೆಯಲ್ಲಿ ಹುಡುಕಲು ಇದು ನೆರವಾಗುತ್ತದೆ. ‘ಟ್ಯಾಲಿ’, ‘ಜಿಎಸ್‌ಟಿ ರಿಟರ್ನ್’ ಎಂದು ಕೇಳಿದ್ದರೆ, ಆ ಕೆಲಸ ಬಲ್ಲವರು ‘ಲೆಕ್ಕಪತ್ರ ಗೊತ್ತಿದೆ’ ಎಂದಷ್ಟೇ ಬರೆಯದೆ ಅದೇ ಪದಗಳನ್ನು ಬಳಸುವುದು ಒಳಿತು.

ಶಾರ್ಟ್‌ಲಿಸ್ಟ್: ಮುಂದಿನ ಸುತ್ತಿಗೆ ಆಯ್ಕೆಯಾಗಿದೆ ಎಂದಷ್ಟೇ ಅರ್ಥ. ಆಫರ್ ಲೆಟರ್ ಕೈಸೇರುವ ಮುನ್ನ ಇರುವ ಕೆಲಸಕ್ಕೆ ರಾಜೀನಾಮೆ ಕೊಡುವುದು ಬೇಡ.

ಸಿಟಿಸಿ: ಹೆಚ್ಚಿನವರು ಎಡವುವುದು ಇಲ್ಲಿಯೇ. ಇದು ಕೈಗೆ ಬರುವ ಸಂಬಳವಲ್ಲ, ನೌಕರನಿಗಾಗಿ ಕಂಪೆನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. ಉದಾಹರಣೆಗೆ, 6 ಲಕ್ಷ ರೂ. ಸಿಟಿಸಿ ಎಂದರೆ ತಿಂಗಳಿಗೆ 50,000 ರೂ. ಇದರಲ್ಲಿ ಮೂಲ ವೇತನ 25,000 ರೂ. ಆಗಿದ್ದು, ಅದರ ಪೂರ್ತಿ ಮೊತ್ತಕ್ಕೆ ಶೇ. 12ರಂತೆ ಭವಿಷ್ಯ ನಿಧಿ ಲೆಕ್ಕ ಹಾಕಿದರೆ ಕಂಪೆನಿಯ ಪಾಲು 3,000 ರೂ., ನೌಕರನ ಪಾಲು 3,000 ರೂ. ಗ್ರಾಚ್ಯುಟಿಯನ್ನೂ ಸೇರಿಸಿದ್ದರೆ ಸುಮಾರು 1,200 ರೂ. ಇಷ್ಟನ್ನು ಕಳೆದರೆ ಉಳಿಯುವುದು 42,800 ರೂ. ತೆರಿಗೆ ಬೇರೆ. ‘ವೇರಿಯಬಲ್ ಪೇ’ ಇದ್ದರೆ ಪ್ರತಿ ತಿಂಗಳು ಬರುವುದು ಇನ್ನೂ ಕಡಿಮೆ. ಆದ್ದರಿಂದ ‘ಇನ್‌ಹ್ಯಾಂಡ್ ಎಷ್ಟು?’ ಎಂದು ಮೊದಲೇ ಕೇಳಲು ಸಂಕೋಚ ಬೇಡ.

ನೋಟಿಸ್ ಪಿರಿಯಡ್: ರಾಜೀನಾಮೆಯ ಬಳಿಕವೂ ದುಡಿಯಬೇಕಾದ ಅವಧಿ; ಸಾಮಾನ್ಯವಾಗಿ 30ರಿಂದ 90 ದಿನ. ಇದನ್ನು ಪೂರೈಸದೆ ಹೊರಬಂದರೆ ಹೊಸ ಕಂಪೆನಿ ಕೇಳುವ ರಿಲೀವಿಂಗ್ ಲೆಟರ್ ಸಿಗುವುದು ಕಷ್ಟ.

ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್: ಅಂಕಪಟ್ಟಿ, ವಿಳಾಸ, ಹಿಂದಿನ ಕೆಲಸಗಳ ಪರಿಶೀಲನೆ. ಭವಿಷ್ಯ ನಿಧಿಯ 12 ಅಂಕಿಗಳ ಯುಎಎನ್ ಮೂಲಕ ಎಲ್ಲಿ, ಎಷ್ಟು ಸಮಯ ದುಡಿದಿದ್ದೆಂಬುದು ತಿಳಿಯುವುದರಿಂದ ಅನುಭವದ ವರ್ಷಗಳನ್ನು ಹೆಚ್ಚಿಸಿ ಬರೆದರೆ ಸಿಕ್ಕ ಕೆಲಸವೂ ಹೋದೀತು.

ಇವೆಲ್ಲಕ್ಕಿಂತ ಎಚ್ಚರ ವಹಿಸಬೇಕಾದ ಪದ ‘ರಿಫಂಡೆಬಲ್ ಡೆಪಾಸಿಟ್’. ತರಬೇತಿ, ಲ್ಯಾಪ್‌ಟಾಪ್ ಹೆಸರಿನಲ್ಲಿ ಮೊದಲೇ ಹಣ ಕೇಳಿದರೆ ಅದು ಮೋಸದ ಸೂಚನೆ. ಹಣ ಕಟ್ಟಿ ಮೋಸ ಹೋದವರು ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ವರ್ಷಂಪ್ರತಿ ವಿದ್ಯಾರ್ಥಿವೇತನ ವಿತರಿಸುವ ನಮ್ಮ ಸಂಘ-ಸಂಸ್ಥೆಗಳಲ್ಲಿ ಕಂಪೆನಿಗಳ ನೇಮಕಾತಿ ವಿಭಾಗದಲ್ಲಿ ದುಡಿದ ಸದಸ್ಯರಿರಬಹುದು. ಅದೇ ಸಮಾರಂಭದಂದು ಒಂದು ಗಂಟೆ ಅವರು ಮಕ್ಕಳ ರೆಸ್ಯೂಮೆಗಳನ್ನು ನೋಡಿ ತಿದ್ದಿಕೊಟ್ಟರೆ, ಕೈಗಿತ್ತ ನೆರವು ಉದ್ಯೋಗದ ಬಾಗಿಲವರೆಗೂ ತಲುಪೀತು.