ಆಫ್‌ಲೈನ್ ಆದ್ರೆ ಲ್ಯಾಪ್‌ಟಾಪ್‌ಗೆ ನಾವ್ಯಾರು?

ಕಳೆದ ರಜೆಯಲ್ಲಿ ನಾವು ಮೂರು ಜನ ಕೆ.ಆರ್. ಪುರದ ಹತ್ತಿರದ ಒಂದು ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋಗ್ತಿದ್ವಿ. ಟೀಮಿಗೆ ಒಂದು ಲಿನಕ್ಸ್ ಲ್ಯಾಪ್‌ಟಾಪ್, ಒಂದು ಅಕೌಂಟ್ ಕೊಟ್ಟಿದ್ರು. ಸೋಮವಾರ ಡೆಮೋ ಇತ್ತು. ಶುಕ್ರವಾರ ಸಂಜೆ ಪರ್ಪಲ್ ಲೈನ್‌ನಲ್ಲಿ ಸೀಟು ಸಿಕ್ಕಿತು (ಅದೇ ಒಂದು ಪವಾಡ!). ಲ್ಯಾಪ್‌ಟಾಪ್ ಲಾಗಿನ್ ಆಗಿಯೇ ಇತ್ತು, ಸರಿ, ಇಲ್ಲೇ ಸ್ವಲ್ಪ ಕೋಡ್ ಮುಗಿಸೋಣ ಅಂದ್ಕೊಂಡ್ವಿ.

ಬೆನ್ನಿಗಾನಹಳ್ಳಿ ದಾಟುವಾಗ ಹೊಸ ಟರ್ಮಿನಲ್ ತೆರೆದರೆ, ಯೂಸರ್‌ನೇಮ್ ಇರಬೇಕಾದ ಜಾಗದಲ್ಲಿ ‘ಐ ಹ್ಯಾವ್ ನೋ ನೇಮ್!’ ಅಂತ ಬಂತು. ಫೈಲ್ ಲಿಸ್ಟ್ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಓನರ್ ಹೆಸರಿನ ಬದಲು ಬರೀ ನಂಬರ್ ತೋರಿಸಿತು. ಸುಡೋ ಅಂತೂ ನೀವು ಇಲ್ಲವೇ ಇಲ್ಲ ಅಂದುಬಿಡ್ತು. ಅಕೌಂಟ್ ಡಿಲೀಟ್ ಆಯ್ತು ಅಂತ ಹೆದರಿ, ಹಲಸೂರು ಬರುವಷ್ಟರಲ್ಲಿ ರೀಸ್ಟಾರ್ಟ್ ಮಾಡಿದ್ವಿ. ಅಲ್ಲಿಗೆ ಲಾಗಿನ್ನೂ ಹೋಯ್ತು, ವೀಕೆಂಡೂ ಹೋಯ್ತು.

ಸೋಮವಾರ ಆಫೀಸಿನಲ್ಲಿ ಕೇಬಲ್ ಹಾಕಿದ ತಕ್ಷಣ ಎಲ್ಲ ಸರಿ! ಅಡ್ಮಿನ್ ನಕ್ಕು, “ಡಿಲೀಟ್ ಆಗಿಲ್ಲ ಕಣ್ರಪ್ಪ, ನಿಮ್ಮ ಅಕೌಂಟ್ ಈ ಲ್ಯಾಪ್‌ಟಾಪ್‌ನಲ್ಲಿ ಯಾವತ್ತೂ ಇರಲೇ ಇಲ್ಲ” ಅಂದ್ರು. ಆ ಮಾತು ಅರ್ಥ ಆದರೆ ಮಿಕ್ಕಿದ್ದೆಲ್ಲ ಸುಲಭ.

ನಂಬರ್ ಬೇರೆ, ಹೆಸರು ಬೇರೆ

ಲಿನಕ್ಸ್ ಕರ್ನಲ್‌ಗೆ ನಮ್ಮ ಹೆಸರು ಗೊತ್ತಿಲ್ಲ. ಪ್ರತಿ ಫೈಲ್, ಪ್ರತಿ ಪ್ರೋಸೆಸ್ ಮೇಲೆ ಇರೋದು ಯುಐಡಿ ಅನ್ನೋ ಒಂದು ನಂಬರ್. ಟಿನ್ ಫ್ಯಾಕ್ಟರಿಯಲ್ಲಿ ‘500-ಡಿ ಬಂತು’ ಅಂದರೆ ಹೊಸಬರಿಗೆ ಏನೂ ಗೊತ್ತಾಗಲ್ಲ, ಬೋರ್ಡ್ ಓದಬೇಕು. ಹಾಗೇ ಆ ನಂಬರ್ ಯಾರದ್ದು ಅಂತ ಸಿಸ್ಟಮ್ ಎಲ್ಲೋ ಹುಡುಕಬೇಕು. ಎಲ್ಲಿ, ಯಾವ ಕ್ರಮದಲ್ಲಿ ಅಂತ ಹೇಳೋದು ಎನ್‌ಎಸ್‌ಸ್ವಿಚ್ ಅನ್ನೋ ಕಾನ್ಫಿಗ್ ಫೈಲ್.

ನಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಉತ್ತರ ಇಟಿಸಿ ಫೋಲ್ಡರಿನ ಪಾಸ್‌ವರ್ಡ್ ಫೈಲ್‌ನಲ್ಲೇ ಸಿಗುತ್ತೆ. (ಹೆಸರು ಹಾಗಿದ್ರೂ ಈಗ ಪಾಸ್‌ವರ್ಡ್ ಹ್ಯಾಷ್ ಇರೋದು ಶ್ಯಾಡೋ ಫೈಲ್‌ನಲ್ಲಿ.) ಕಂಪನಿಗಳಲ್ಲಿ ಸಾವಿರಾರು ಜನ ಇರ್ತಾರೆ, ಹಾಗಾಗಿ ಎಲ್ಲರ ವಿವರವನ್ನೂ ಒಂದು ಸರ್ವರ್‌ನಲ್ಲಿಟ್ಟು ಎಲ್‌ಡಿಎಪಿ ಮೂಲಕ ಕೇಳ್ತಾರೆ. ಮೊದಲು ಲೋಕಲ್ ಫೈಲ್, ಅಲ್ಲಿ ಸಿಗದಿದ್ದರೆ ಸರ್ವರ್. ಮೆಟ್ರೋದಲ್ಲಿ ಸರ್ವರ್ ಸಿಗಲಿಲ್ಲ. ಉತ್ತರಕ್ಕೆ ಕಾದಿದ್ದರಿಂದ ನಿಧಾನ, ಬರದೇ ಇದ್ದಿದ್ದರಿಂದ ಬರೀ ನಂಬರ್.

ಮನೆಯಲ್ಲಿ ಫೋನ್ ಹಾಟ್‌ಸ್ಪಾಟ್ ಕೊಟ್ಟರೂ ಪ್ರಯೋಜನ ಆಗಲಿಲ್ಲ. ಆ ಸರ್ವರ್ ಆಫೀಸ್ ನೆಟ್‌ವರ್ಕ್ ಒಳಗಿದೆ. ಅದಕ್ಕೆ ವಿಪಿಎನ್ ಬೇಕು, ನಮ್ಮಲ್ಲಿ ವಿಪಿಎನ್ ಶುರು ಮಾಡೋಕೆ ಮೊದಲು ಲಾಗಿನ್ ಆಗಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ!

ಪರಿಹಾರ: ನೆನಪು

ಇಲ್ಲಿ ಪ್ರಶ್ನೆ ಎರಡು. ‘ಇವರು ಯಾರು?’ ಅನ್ನೋದಕ್ಕೆ ಉತ್ತರ ಕೊಡೋದು ಎನ್‌ಎಸ್‌ಎಸ್. ‘ಇವರು ನಿಜವಾಗಿ ಅವರೇನಾ?’ ಅನ್ನೋದನ್ನು ನೋಡೋದು ಪ್ಯಾಮ್. ಆಫ್‌ಲೈನ್‌ನಲ್ಲಿ ಎರಡಕ್ಕೂ ಉತ್ತರ ಲ್ಯಾಪ್‌ಟಾಪ್‌ನಲ್ಲೇ ಉಳಿದಿರಬೇಕು. ಎಸ್‌ಎಸ್‌ಎಸ್‌ಡಿ ಅನ್ನೋ ಸರ್ವಿಸ್ ಇದನ್ನ ಮಾಡುತ್ತೆ. ಹೆಸರು, ಗ್ರೂಪ್ ವಿವರಗಳನ್ನು ಅದು ಕ್ಯಾಶ್ ಮಾಡಿಟ್ಟುಕೊಳ್ಳುತ್ತೆ. ಆದರೆ ಪಾಸ್‌ವರ್ಡ್ ಹ್ಯಾಷ್ ಉಳಿಸ್ಕೊಳ್ಳೋ ‘ಕ್ಯಾಶ್ ಕ್ರೆಡೆನ್ಷಿಯಲ್ಸ್’ ಆಪ್ಷನ್ ಡೀಫಾಲ್ಟ್ ಆಗಿ ಆಫ್ ಇರುತ್ತೆ, ಅದನ್ನ ಆನ್ ಮಾಡಿಸಬೇಕು. ಆಮೇಲೆ ನೆಟ್‌ವರ್ಕ್ ಇದ್ದಾಗ ಒಮ್ಮೆ ಲಾಗಿನ್ ಆಗಲೇಬೇಕು, ನೋಡದೇ ಇದ್ದವರನ್ನ ಅದು ಹೇಗೆ ನೆನಪಿಟ್ಟುಕೊಳ್ಳುತ್ತೆ? ವಿಂಡೋಸ್‌ನಲ್ಲೂ ಇದೇ ಐಡಿಯಾ ಇದೆ, ಡೊಮೇನ್ ಲಾಗಿನ್‌ಗಳಲ್ಲಿ ಡೀಫಾಲ್ಟ್ ಆಗಿ 10 ನೆನಪಿರುತ್ತೆ.

ನೆನಪಿಗೂ ಒಂದು ಅಪಾಯ ಇದೆ. ಕೆಲಸ ಬಿಟ್ಟವರ ಅಕೌಂಟನ್ನ ಸರ್ವರ್‌ನಲ್ಲಿ ತೆಗೆದ್ರೂ, ಆಫ್‌ಲೈನ್ ಲ್ಯಾಪ್‌ಟಾಪ್‌ಗೆ ಆ ಸುದ್ದಿ ತಲುಪಲ್ಲ, ಒಳಗೆ ಬಿಟ್ಟುಬಿಡುತ್ತೆ. ಆಫ್‌ಲೈನ್ ಲಾಗಿನ್ ಎಷ್ಟು ದಿನ ನಡೀಬೇಕು ಅನ್ನೋ ಸೆಟ್ಟಿಂಗ್ ಎಸ್‌ಎಸ್‌ಎಸ್‌ಡಿಯಲ್ಲಿ ಡೀಫಾಲ್ಟ್ 0, ಅಂದರೆ ಮಿತಿಯೇ ಇಲ್ಲ. ಅಡ್ಮಿನ್‌ಗಳು ಅದಕ್ಕೊಂದು ದಿನದ ಲೆಕ್ಕ ಹಾಕೋದು ಇದಕ್ಕೇ.

ಇನ್ನೊಂದು ಮಾತು: ಇದಕ್ಕೆ ಅಡ್ಡದಾರಿ ಅಂತ ಅದೇ ಹೆಸರಲ್ಲಿ ಲೋಕಲ್ ಅಕೌಂಟ್ ಮಾಡ್ಕೋಬೇಡಿ. ಯುಐಡಿ ಬೇರೆ ಆದರೆ ನಿಮ್ಮ ಫೈಲ್‌ಗಳೇ ನಿಮ್ಮವಲ್ಲ ಅನ್ನುತ್ತೆ.

ಆಫೀಸ್ ಬಿಡೋ ಮುಂಚೆ

ವೈ-ಫೈ ಆಫ್ ಮಾಡಿ, ಕೇಬಲ್ ತೆಗೀರಿ. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಟರ್ಮಿನಲ್‌ನಲ್ಲಿ ‘ಐಡಿ’ ಕಮಾಂಡ್ ಕೊಟ್ಟು ಹೆಸರು, ಗ್ರೂಪ್ ಎರಡೂ ಬರ್ತಿದೆಯಾ ನೋಡಿ. ಬರದಿದ್ದರೆ ಅಡ್ಮಿನ್ ಇನ್ನೂ ಸೀಟಲ್ಲಿರುವಾಗಲೇ ಹೋಗಿ ಕೇಳಿ. ಎರಡು ನಿಮಿಷದ ಕೆಲಸ. ನಾವು ಮಾಡಲಿಲ್ಲ, ಅರ್ಧ ಕೋಡ್ ಇಟ್ಟುಕೊಂಡು ಡೆಮೋ ಕೊಟ್ವಿ.