ಕಿಳ್ಳೇಕ್ಯಾತನ ನಗೆ: ಜನಪದ ಚಿತ್ರಕಥನದಲ್ಲಿ ಪ್ರೌಢ ವಿಡಂಬನೆ

ಚಿತ್ರ ಮತ್ತು ಮಾತುಗಳನ್ನು ಬೆಸೆದು ಕಥೆ ಹೇಳುವ ಕಲೆ ಮಕ್ಕಳಿಗೆ ಮೀಸಲೆಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದೆ. ಪ್ರೌಢರಿಗಾಗಿ ರಚಿತವಾಗಿ ಅಧಿಕಾರವನ್ನು ಕೆಣಕುವ ಚಿತ್ರಕಥೆಗಳು ಪಶ್ಚಿಮದ ಕೊಡುಗೆಯೆಂದೂ ತಿಳಿಯಲಾಗುತ್ತದೆ. ಕರ್ನಾಟಕದ ತೊಗಲು ಗೊಂಬೆಯಾಟವನ್ನು ಗಮನಿಸಿದರೆ ಈ ಎರಡೂ ತಿಳಿವಳಿಕೆಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಸಂಕೇಶ್ವರ, ಹುಕ್ಕೇರಿ, ಗೋಕಾಕ ಪರಿಸರವು ಎರಡು ಚಿತ್ರಕಥನ ಪರಂಪರೆಗಳ ನಡುವಣ ನೆಲ. ಪಶ್ಚಿಮಕ್ಕೆ ಘಟ್ಟವಿಳಿದರೆ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ ಸಮುದಾಯದ ಚಿತ್ರಕಥಿ ಕಲೆಯಿದೆ. ಪೂರ್ವದ ಬಯಲುಸೀಮೆಯಲ್ಲಿ ಕಿಳ್ಳೇಕ್ಯಾತರ ತೊಗಲು ಗೊಂಬೆಯಾಟವಿದೆ. ಬೆಳಗಾವಿ ಭಾಗದಲ್ಲಿ ಕಟಬರೆಂದೂ ಹೆಸರಾದ ಕಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಪ್ರಭೇದ. ಆಟದ ಭಾಷೆ ಕನ್ನಡ.

ಈ ಸಮುದಾಯದ ಹೆಸರನ್ನೇ ಹೊತ್ತ ವಿದೂಷಕ ಗೊಂಬೆ ಕಿಳ್ಳೇಕ್ಯಾತ. ದೇವತಾಸ್ತುತಿಯ ಬಳಿಕ ಕಪ್ಪು ಮೈಯ, ವಿಕಾರ ರೂಪದ ಈತ ಪರದೆಗೆ ಬರುತ್ತಾನೆ. ಜೊತೆಗೆ ಮಡದಿ ಬಂಗಾರಕ್ಕ. ರಾಮಾಯಣ, ಮಹಾಭಾರತಗಳ ಪಾತ್ರಗಳು ಪದ್ಯದಲ್ಲಿಯೂ ಗ್ರಾಂಥಿಕ ಸಂಭಾಷಣೆಯಲ್ಲಿಯೂ ಮಾತನಾಡಿದರೆ ಇವರದು ಬೀದಿಯ ನುಡಿ. ದಾಂಪತ್ಯದ ಜಗಳ, ಹಸಿವು, ಕಾಮ, ಊರ ದೊಡ್ಡವರ ಠೀವಿ ಎಲ್ಲವೂ ಅಲ್ಲಿ ನಗೆಗೀಡಾಗುತ್ತವೆ.

ಇದರ ಆಕರ್ಷಣೆಯನ್ನು ಅಶ್ಲೀಲತೆಯೊಂದರಿಂದಲೇ ವಿವರಿಸಲಾಗದು. ಕಲಾವಿದನು ಪರದೆಯ ಹಿಂದಿರುತ್ತಾನೆ, ಆಡಿದ್ದು ಗೊಂಬೆ. ಊರಿಂದೂರಿಗೆ ಅಲೆಯುವ ಬಡ ಕಲಾವಿದನು ಎದುರಿಗೆ ನಿಂತು ಹೇಳಲಾಗದುದನ್ನು ತೊಗಲು ಹೇಳಬಲ್ಲದು. ಪ್ರೇಕ್ಷಕನಾದರೋ ತಾನು ಆಡಲಾರದ ಮಾತಿಗೆ ಕತ್ತಲಲ್ಲಿ ಕುಳಿತು ನಗಬಲ್ಲನು. ಬರಗಾಲದಲ್ಲಿ ಮಳೆಯನ್ನು ಬಯಸಿ ಈ ಆಟವನ್ನು ಆಡಿಸುವ ಸಂಪ್ರದಾಯವಿದ್ದುದರಿಂದ ಆ ನಗೆಗೆ ಆಚರಣೆಯ ಮನ್ನಣೆಯೂ ದೊರೆತಿತ್ತು.

ಆಧುನಿಕ ಚಿತ್ರಕಥೆಯಲ್ಲಿಯೂ ಇದೇ ತತ್ತ್ವ ದುಡಿಯುತ್ತದೆ. ನಾಜಿ ಹತ್ಯಾಕಾಂಡವನ್ನು ಇಲಿ, ಬೆಕ್ಕುಗಳ ರೂಪದಲ್ಲಿ ನಿರೂಪಿಸಿದ ಆರ್ಟ್ ಸ್ಪೀಗಲ್‌ಮನ್‌ರ ‘ಮೌಸ್’ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಸಂದಿತು. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರ ಗೊಂಡ ಶೈಲಿಯ ಚಿತ್ರಗಳುಳ್ಳ ‘ಭೀಮಾಯನ’ (2011) ಅಂಬೇಡ್ಕರ್ ಎದುರಿಸಿದ ಅಸ್ಪೃಶ್ಯತೆಯನ್ನು ಪ್ರೌಢ ಓದುಗರ ಮುಂದಿಟ್ಟಿತು. ಕರ್ನಾಟಕದಲ್ಲಿ, 2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟ ಹಾಗೂ ಗಾಂಧೀಜಿಯವರ ಬದುಕನ್ನು ತೊಗಲು ಗೊಂಬೆಗೆ ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಲಭಿಸಿತು.

ಗೌರವ ಸಂದಿರುವ ಈ ಹೊತ್ತಿನಲ್ಲಿಯೇ ಒಂದು ಎಚ್ಚರ ಅಗತ್ಯ. ಇಡೀ ರಾತ್ರಿಯ ಆಟವನ್ನು ಸಭಾಂಗಣದ ಅಲ್ಪಾವಧಿಗೆ ಇಳಿಸುವಾಗ ಮೊದಲು ಕತ್ತರಿಗೆ ಸಿಗುವುದು ಕಿಳ್ಳೇಕ್ಯಾತನ ಮಾತು. ಸಂಗ್ರಾಹಕರೂ ಅದನ್ನು ಅಸಭ್ಯವೆಂದು ಬಿಟ್ಟರೆ ಪುರಾಣ ಉಳಿದೀತು, ಪುರಾಣವನ್ನು ಪ್ರಶ್ನಿಸಿದ ದನಿ ಉಳಿಯದು. ಆ ಮಾತುಗಳನ್ನು ತಿದ್ದದೆ, ಆಡಿದ ಸಂದರ್ಭದೊಡನೆ ದಾಖಲಿಸುವುದು ಜಾನಪದ ಅಧ್ಯಯನದ ಹೊಣೆಯಾಗಿದೆ.